ಆನೆ ಬಂದದ್ದು ಎಷ್ಟು ಗಂಟೆಗೆ?

ಸಕಲೇಶಪುರ, ಆಲೂರು ಕಡೆಯ ತೋಟಗಳಲ್ಲಿ ಆನೆಯ ಲೆಕ್ಕ ಈಗ ಫೋಟೊಗಳಲ್ಲಿದೆ. ಮುರಿದು ಬಿದ್ದ ಬಾಳೆ, ತುಳಿದ ಗದ್ದೆ, ಕಿತ್ತು ಹೋದ ಬೇಲಿ, ಕಾಫಿ ಗಿಡದ ಬುಡದಲ್ಲಿ ಬಿದ್ದ ಲದ್ದಿ, ಅಪರೂಪಕ್ಕೆ ಆನೆಯೇ. ಕೆಲವು ತೋಟದ ರೈಟರ ಮೊಬೈಲಿನಿಂದ ಬರುತ್ತವೆ, ಕೆಲವು ಮರಕ್ಕೆ ಕಟ್ಟಿದ ಕ್ಯಾಮೆರಾ ಟ್ರ್ಯಾಪಿನ ಕಾರ್ಡಿನಿಂದ, ಉಳಿದವು ಊರಿನ ವಾಟ್ಸ್ಆ್ಯಪ್ ಗುಂಪಿನಿಂದ. ಎಲ್ಲವೂ ಬಂದು ಬೀಳುವುದು ಕಂಪ್ಯೂಟರಿನ ಒಂದೇ ಫೋಲ್ಡರಿಗೆ. ಫೋಟೊಗಳು ಸಾವಿರ ದಾಟಿದ ಮೇಲೆ ಒಂದೊಂದನ್ನೇ ತೆರೆದು ನೋಡುವ ತಾಳ್ಮೆ ಯಾರಿಗೂ ಉಳಿಯುವುದಿಲ್ಲ. ಆಗ ಮನೆಯಲ್ಲಿ ಕಂಪ್ಯೂಟರ್ ಓದಿದವರು ಯಾರಾದರೂ ಇಪ್ಪತ್ತು ಸಾಲಿನ ಪೈಥಾನ್ ಪ್ರೋಗ್ರಾಂ ಬರೆದು ಕೊಡುತ್ತಾರೆ. ಅದು ಫೋಲ್ಡರ್ ಹೊಕ್ಕು ಪ್ರತಿ ಫೈಲಿನ ಹೆಸರು, ಗಾತ್ರ, ದಿನಾಂಕ, ವೇಳೆಗಳನ್ನು ಓದಿ ಎಕ್ಸೆಲ್ ಹಾಳೆಗೆ ಇಳಿಸುತ್ತದೆ. ಈ ಬರಹ ಆ ಪುಟ್ಟ ಪ್ರೋಗ್ರಾಮಿನ ವಿಮರ್ಶೆ.

ಅಷ್ಟು ಚಿಕ್ಕದಕ್ಕೆ ವಿಮರ್ಶೆ ಏಕೆಂದರೆ, ಈ ಸೀಮೆಯಲ್ಲಿ ಎಲ್ಲಿ, ಯಾವಾಗ ಎಂಬ ಎರಡು ಪ್ರಶ್ನೆಗಳ ಮೇಲೆ ದೊಡ್ಡ ತೀರ್ಮಾನಗಳು ನಿಂತಿವೆ. ರಾಮನ್ ಸುಕುಮಾರ್ ಅಧ್ಯಕ್ಷರಾಗಿದ್ದ ಕರ್ನಾಟಕ ಆನೆ ಕಾರ್ಯಪಡೆ 2012ರಲ್ಲಿ ಹೈಕೋರ್ಟಿಗೆ ವರದಿ ಕೊಟ್ಟಾಗ ರಾಜ್ಯದ ಆನೆ ಪ್ರದೇಶವನ್ನು ಸಂರಕ್ಷಣೆ, ಸಹಬಾಳ್ವೆ, ತೆರವು ಎಂದು ಮೂರು ವಲಯವಾಗಿ ನೋಡಿತ್ತು. ಆಲೂರು, ಸಕಲೇಶಪುರದ ಆನೆಗಳನ್ನು ಅದು ಹಾಕಿದ್ದು ತೆರವಿನ ಸಾಲಿಗೆ. ಅದಾದ ಮೇಲೂ ಇಲ್ಲಿ ಆನೆ ಇವೆ, ತೋಟವೂ ಇದೆ. ಬೆಳೆಹಾನಿಯ ಅರ್ಜಿಗೂ, ಬೆಳಿಗ್ಗೆ ಯಾವ ಬ್ಲಾಕಿಗೆ ಆಳು ಕಳಿಸಬಾರದು ಎಂಬ ನಿರ್ಧಾರಕ್ಕೂ ಆನೆ ಬಂದ ವೇಳೆ ಬೇಕು. ತೋಟದವರು ಆ ವೇಳೆಯನ್ನು ಈಗ ಕೇಳುತ್ತಿರುವುದು ಫೈಲಿನ ಗುಣಲಕ್ಷಣವನ್ನು.

ಪ್ರೋಗ್ರಾಮಿನ ಒಳ್ಳೆಯ ಗುಣ ಮೊದಲು ಹೇಳಬೇಕು. ಎಣಿಸುವುದರಲ್ಲಿ, ಜೋಡಿಸುವುದರಲ್ಲಿ, ಖಾಲಿ ಫೈಲು ಹೆಕ್ಕುವುದರಲ್ಲಿ ಅದನ್ನು ಮೀರಿಸಲಾಗದು. 2015ರಲ್ಲಿ ಬಂದ ಪೈಥಾನ್ 3.5ರಲ್ಲಿ ಸ್ಕ್ಯಾನ್‌ಡಿರ್ ಎಂಬ ಸೌಲಭ್ಯ ಸೇರಿದ ಮೇಲೆ ಕೆಲಸ ಇನ್ನೂ ಚುರುಕಾಯಿತು. ವಿಂಡೋಸ್ ಫೋಲ್ಡರಿನ ಪಟ್ಟಿ ಕೊಡುವಾಗಲೇ ಗಾತ್ರವನ್ನೂ ದಿನಾಂಕಗಳನ್ನೂ ಜೊತೆಗೇ ಕೊಡುತ್ತದೆ. ಹಳೆಯ ಪ್ರೋಗ್ರಾಂಗಳು ಅದನ್ನು ಎಸೆದು ಪ್ರತಿ ಫೈಲಿಗೂ ಮತ್ತೊಮ್ಮೆ ಹೋಗಿ ಕೇಳುತ್ತಿದ್ದವು. ಈಗ ಆ ಓಡಾಟ ತಪ್ಪಿದೆ.

ಮೊದಲ ತಕರಾರು ಇರುವುದು ಒಂದು ಸಾಲಿನ ಮೇಲೆ. ಇಂಥ ಬಹುಪಾಲು ಪ್ರೋಗ್ರಾಂಗಳಲ್ಲಿ ಅದು ಇದ್ದೇ ಇರುತ್ತದೆ: ಫೋಟೊದೊಳಗೆ ತೆಗೆದ ವೇಳೆ ಸಿಕ್ಕದಿದ್ದರೆ ಫೈಲಿನ ದಿನಾಂಕವನ್ನು ಹಾಕಿಬಿಡು. ಬರೆದವರಿಗೆ ಇದು ಜಾಣತನವಾಗಿ ಕಾಣುತ್ತದೆ. ಹಾಳೆಯಲ್ಲಿ ಒಂದೂ ಖಾನೆ ಖಾಲಿ ಇಲ್ಲ, ನೋಡಲು ಚೆಂದ. ಆದರೆ ಯಾವ ಸಾಲು ಕ್ಯಾಮೆರಾ ಹೇಳಿದ್ದು, ಯಾವುದು ಕಂಪ್ಯೂಟರ್ ಊಹಿಸಿದ್ದು ಎಂಬುದು ಆಮೇಲೆ ಬ್ರಹ್ಮನಿಗೂ ಗೊತ್ತಾಗದು. ಇದೇ ತೋಟಗಳಲ್ಲಿ ತಲೆಮಾರಿನಿಂದ ಮಳೆ ಪುಸ್ತಕ ಇಟ್ಟವರಿದ್ದಾರೆ. ಇಂಚು, ಸೆಂಟಿನ ಲೆಕ್ಕದಲ್ಲಿ ದಿನಾ ಬೆಳಿಗ್ಗೆ ಬರೆಯುತ್ತಾರೆ. ಅಳೆಯುವವರು ಇಲ್ಲದ ದಿನ ಅಲ್ಲಿ ಒಂದು ಗೀಟು ಬೀಳುತ್ತದೆ, ಪಕ್ಕದ ದಿನದ ಮಳೆ ಬೀಳುವುದಿಲ್ಲ. ಪ್ರೋಗ್ರಾಮಿಗೆ ಆ ಗೀಟು ಹಾಕಲು ಬರುವುದಿಲ್ಲ.

ಫೈಲಿನ ದಿನಾಂಕವನ್ನೇ ನಂಬಿದರೆ ಏನು ಕೆಟ್ಟಿತು ಎಂದು ಕೇಳಬಹುದು. ವಿಂಡೋಸಿನಲ್ಲಿ ಫೈಲಿಗೆ ಮೂರು ದಿನಾಂಕ: ಹುಟ್ಟಿದ್ದು, ಬದಲಾದದ್ದು, ಕೊನೆಗೆ ತೆರೆದದ್ದು. ಕಾರ್ಡಿನಿಂದ ಕಂಪ್ಯೂಟರಿಗೆ ಕಾಪಿ ಮಾಡಿದಾಗ ಬದಲಾದ ದಿನಾಂಕ ಹಳೆಯದೇ ಉಳಿಯುತ್ತದೆ. ಹುಟ್ಟಿದ ದಿನಾಂಕ ಮಾತ್ರ ಕಾಪಿ ಮಾಡಿದ ಕ್ಷಣದ್ದಾಗುತ್ತದೆ. ಹೆಸರು ನೋಡಿ ಹುಟ್ಟಿದ ದಿನಾಂಕವನ್ನೇ ಆಯ್ದುಕೊಂಡ ಪ್ರೋಗ್ರಾಮಿನ ಪ್ರಕಾರ, ಇಡೀ ತಿಂಗಳು ಬಂದುಹೋದ ಆನೆಗಳೆಲ್ಲ ಕಾರ್ಡು ಕಾಪಿ ಮಾಡಿದ ಭಾನುವಾರ ಮಧ್ಯಾಹ್ನ ಸಾಲುಗಟ್ಟಿ ಬಂದಿರುತ್ತವೆ. ಇದರ ಇನ್ನೊಂದು ಮುಖ ಹೆಚ್ಚು ಕೆಟ್ಟದ್ದು. ಹುಟ್ಟುವ ಮೊದಲೇ ಬದಲಾದ ಫೈಲು ಕಂಡವರು ಫೋಟೊ ತಿದ್ದಿದ್ದಾರೆ ಎಂದುಕೊಳ್ಳಬಹುದು. ಅದು ತಿದ್ದಿದ ಗುರುತಲ್ಲ, ಕಾಪಿ ಮಾಡಿದ ಗುರುತು. ಅರ್ಜಿ ಕೊಟ್ಟವನೂ ಅರ್ಜಿ ನೋಡುವವನೂ ಇದನ್ನು ತಿಳಿದಿರಬೇಕು. ಲಿನಕ್ಸಿನಲ್ಲಂತೂ ಹುಟ್ಟಿದ ವೇಳೆಯನ್ನು ಪ್ರೋಗ್ರಾಂಗಳು ಕೇಳಿ ಪಡೆಯುವ ಸರಿಯಾದ ದಾರಿ ಬಂದದ್ದೇ 2017ರಲ್ಲಿ, ಕರ್ನೆಲ್ 4.11ರ ಜೊತೆ. ಅಲ್ಲಿ ಸಿ-ಟೈಮ್ ಎಂದರೆ ಫೈಲಿನ ವಿವರ ಬದಲಾದ ವೇಳೆ. ಅದೇ ಹೆಸರು ವಿಂಡೋಸ್ ಮೇಲಿನ ಪೈಥಾನಿನಲ್ಲಿ ಹುಟ್ಟಿದ ವೇಳೆ ಹೇಳುತ್ತಾ ಬಂದಿದೆ. ಒಂದೇ ಪ್ರೋಗ್ರಾಂ ಎರಡು ಕಂಪ್ಯೂಟರಿನಲ್ಲಿ ಎರಡು ಉತ್ತರ ಕೊಟ್ಟರೂ ಎಲ್ಲೂ ದೋಷದ ಸೂಚನೆ ಬರುವುದಿಲ್ಲ.

ಇದಕ್ಕಿಂತ ಅಪಾಯದ್ದು ಐದೂವರೆ ಗಂಟೆಯ ಜಾರು. ಎನ್‌ಟಿಎಫ್‌ಎಸ್ ಡಿಸ್ಕು ವೇಳೆಯನ್ನು 1601ರ ಜನವರಿ 1ರಿಂದ ಎಣಿಸುತ್ತದೆ, ಸೆಕೆಂಡಿನ ಕೋಟಿಯಲ್ಲೊಂದು ಭಾಗದ ಸೂಕ್ಷ್ಮದಲ್ಲಿ, ಜಾಗತಿಕ ಸಮಯದಲ್ಲಿ. ಕ್ಯಾಮೆರಾ ಕಾರ್ಡಿನ ಫ್ಯಾಟ್32 ಹಾಗಲ್ಲ. ಅದು ಬರೆಯುವುದು ಗೋಡೆ ಗಡಿಯಾರದ ಸ್ಥಳೀಯ ವೇಳೆ, ಅದೂ ಎರಡೆರಡು ಸೆಕೆಂಡಿನ ಹೆಜ್ಜೆಯಲ್ಲಿ. ಯಾವ ದೇಶದ ಗಡಿಯಾರ ಎಂಬುದು ಅಲ್ಲಿ ದಾಖಲಾಗುವುದೇ ಇಲ್ಲ. ಫೋಟೊದೊಳಗಿನ ಎಕ್ಸಿಫ್ ದಾಖಲೆಯಲ್ಲೂ ಬಹುಕಾಲ ಇದೇ ಕತೆ. ಸಮಯ ವಲಯ ಬರೆಯಲು ಅದರಲ್ಲಿ ಜಾಗ ಸಿಕ್ಕಿದ್ದು 2016ರ 2.31ನೇ ಆವೃತ್ತಿಯಲ್ಲಿ. ಹಾಗಾಗಿ ಕಾರ್ಡಿನ ವೇಳೆಯನ್ನು ಜಾಗತಿಕ ಸಮಯವೆಂದು ತಿಳಿದು ಭಾರತದ ವೇಳೆಗೆ ತಿರುಗಿಸುವ ಪ್ರೋಗ್ರಾಂ ಪ್ರತಿ ಆನೆಯನ್ನೂ ಐದೂವರೆ ಗಂಟೆ ಮುಂದೆ ತಳ್ಳುತ್ತದೆ. ರಾತ್ರಿ ಎರಡಕ್ಕೆ ತೋಟ ದಾಟಿ ಹೋದ ಒಂಟಿಸಲಗ ಹಾಳೆಯಲ್ಲಿ ಬೆಳಿಗ್ಗೆ ಏಳೂವರೆಗೆ ನಿಂತಿರುತ್ತದೆ. ಲೈನ್ ಮನೆಯಿಂದ ಹೆಂಗಸರು ಕೆಲಸಕ್ಕೆ ಹೊರಡುವ ಹೊತ್ತು ಅದು. ಇಂಥ ಹಾಳೆ ನೋಡಿ ಕೆಲಸದ ವೇಳೆ ಬದಲಿಸಿದ ತೋಟಕ್ಕೆ ನಷ್ಟ. ತಪ್ಪು ಹಿಂದುಮುಂದಾಗಿ, ಬೆಳಗಿನ ಆನೆ ನಡುರಾತ್ರಿಗೆ ಸರಿದರಂತೂ ನಷ್ಟ ಎಂಬ ಮಾತು ಸಾಲದು.

ಫೋಟೊದೊಳಗಿನ ವೇಳೆಯನ್ನು ಓದಿದ ಮಾತ್ರಕ್ಕೆ ಎಲ್ಲ ಸರಿಹೋಯಿತೆಂದೂ ಇಲ್ಲ. ಬಿಸಿಲೆ ಕಡೆಯ ಮಳೆಗಾಲದಲ್ಲಿ ಮರಕ್ಕೆ ಕಟ್ಟಿದ ಡಬ್ಬಿ ತೇವ ಕುಡಿಯುತ್ತದೆ. ಬ್ಯಾಟರಿ ಸತ್ತು, ಹೊಸದು ಹಾಕಿದವರು ಗಡಿಯಾರ ಹೊಂದಿಸಲು ಮರೆತರೆ ಕ್ಯಾಮೆರಾ ಕಾರ್ಖಾನೆಯ ದಿನಾಂಕದಿಂದ ಮತ್ತೆ ಶುರುಮಾಡುವುದುಂಟು. ಹಲವು ಟ್ರ್ಯಾಪುಗಳು ಚಿತ್ರದ ಕೆಳಗಿನ ಪಟ್ಟಿಯಲ್ಲಿ ವೇಳೆಯ ಜೊತೆ ತಾಪಮಾನವನ್ನೂ ಒಂದು ಪುಟ್ಟ ಚಂದ್ರನನ್ನೂ ಅಚ್ಚು ಹಾಕುತ್ತವೆ. ಆ ಚಂದ್ರನನ್ನು ಸಾಕ್ಷಿಗೆ ಕರೆಯುವವರಿದ್ದಾರೆ. ಕರೆಯಬಾರದು. ಅದು ಆಕಾಶ ನೋಡಿ ಬರೆದದ್ದಲ್ಲ, ಅದೇ ಕೆಟ್ಟ ಗಡಿಯಾರದ ತಾರೀಖಿನಿಂದ ಗುಣಿಸಿ ಬರೆದದ್ದು.

ವಿಂಡೋಸ್ ಎಕ್ಸ್‌ಪ್ಲೋರರಿನ ವಿವರ ಪಟ್ಟಿಯನ್ನೇ ಪ್ರೋಗ್ರಾಮಿನಿಂದ ಕೇಳುವ ಇನ್ನೊಂದು ದಾರಿಯಿದೆ. ಅದನ್ನು ನಾನು ಯಾರಿಗೂ ಶಿಫಾರಸು ಮಾಡುವುದಿಲ್ಲ. ಅಲ್ಲಿ ಪ್ರತಿ ಗುಣಕ್ಕೂ ಒಂದು ಅಂಕೆ, ಆ ಅಂಕೆ ವಿಂಡೋಸಿನ ಆವೃತ್ತಿ ಬದಲಾದಂತೆ ಬದಲಾಗುತ್ತದೆ. ಅದೂ ಸಾಲದೆಂಬಂತೆ, ಫೋಟೊ ತೆಗೆದ ದಿನಾಂಕದ ನಡುನಡುವೆ ಕಣ್ಣಿಗೆ ಕಾಣದ ದಿಕ್ಸೂಚಕ ಅಕ್ಷರಗಳು ಸೇರಿ ಬರುತ್ತವೆ. ತೆರೆಯ ಮೇಲೆ ದಿನಾಂಕ ಸರಿಯಾಗೇ ಕಾಣುತ್ತದೆ, ಪ್ರೋಗ್ರಾಂ ಮಾತ್ರ ಇದು ದಿನಾಂಕವೇ ಅಲ್ಲ ಎಂದು ಹಟ ಹಿಡಿಯುತ್ತದೆ.

ಫೈಲಿನ ಹೆಸರಿನ ಕತೆ ಬೇರೆ. ವಾಟ್ಸ್ಆ್ಯಪಿನಲ್ಲಿ ಫೋಟೊ ಎಂದು ಕಳಿಸಿದರೆ ಎಕ್ಸಿಫ್ ಪೂರಾ ಉದುರಿಹೋಗುತ್ತದೆ. ಆಂಡ್ರಾಯ್ಡ್ ಮೊಬೈಲಿನಲ್ಲಿ ಹೆಸರಿಗೆ ಅಂಟಿಕೊಳ್ಳುವ ತಾರೀಖು ಆ ಮೊಬೈಲಿಗೆ ಫೋಟೊ ತಲುಪಿದ ತಾರೀಖು. ದಾಖಲೆ ಎಂದು, ಅಂದರೆ ಡಾಕ್ಯುಮೆಂಟಾಗಿ ಕಳಿಸಿದರೆ ಎಲ್ಲ ಉಳಿಯುತ್ತದೆ. ಇಷ್ಟನ್ನು ರೈಟರಿಗೆ ಹೇಳಿಕೊಟ್ಟರೆ ಪ್ರೋಗ್ರಾಮಿನ ಅರ್ಧ ತಾಪತ್ರಯ ಕಳೆಯಿತು. ಎರಡು ಕ್ಯಾಮೆರಾ ಇದ್ದರೆ ಎರಡರಲ್ಲೂ ಒಂದೇ ಸಂಖ್ಯೆಯ ಫೋಟೊ ಇರುತ್ತದೆ. ಬರೀ ಹೆಸರನ್ನೇ ಗುರುತು ಮಾಡಿಕೊಂಡ ಪ್ರೋಗ್ರಾಂ ಒಂದನ್ನು ನುಂಗಿಹಾಕುತ್ತದೆ.

ಕನ್ನಡದಲ್ಲಿ ಫೋಲ್ಡರಿಗೆ ಹೆಸರಿಟ್ಟವರಿಗೆ ಕಾದಿರುವ ಪೇಚು ಇನ್ನೂ ವಿಚಿತ್ರ. ಯೂನಿಕೋಡಿನಲ್ಲಿ ಏತ್ವದ ದೀರ್ಘ, ಓತ್ವ ಮುಂತಾದ ಕೆಲವು ಸ್ವರಚಿಹ್ನೆಗಳನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿಸಿ ಎರಡು ಮೂರು ಸಂಕೇತವಾಗಿಯೂ ಬರೆಯಬಹುದು. ವಿಂಡೋಸು ಟೈಪ್ ಮಾಡಿದ್ದನ್ನು ಇದ್ದ ಹಾಗೇ ಇಟ್ಟುಕೊಳ್ಳುತ್ತದೆ. ಮ್ಯಾಕಿನ ಹಳೆಯ ಎಚ್‌ಎಫ್‌ಎಸ್+ ಡಿಸ್ಕು ಬಿಡಿಸಿ ಇಡುತ್ತದೆ. ಹೀಗಾಗಿ ಆಲೂರು, ಹೆತ್ತೂರು, ಯಸಳೂರು ಎಂಬ ಫೋಲ್ಡರುಗಳು ಎರಡೂ ಕಡೆ ತಾಳೆಯಾಗುತ್ತವೆ. ಸಕಲೇಶಪುರ ತಾಳೆಯಾಗುವುದಿಲ್ಲ, ಬೆಳಗೋಡು ಆಗುವುದಿಲ್ಲ. ಕಣ್ಣಿಗೆ ಎರಡೂ ಒಂದೇ. ಹೋಲಿಸುವ ಮೊದಲು ಹೆಸರುಗಳನ್ನು ಒಂದೇ ರೂಪಕ್ಕೆ ತರುವ ಸಾಲೊಂದು ಪೈಥಾನಿನಲ್ಲಿ ಸಿದ್ಧವಾಗಿದೆ, ಬರೆಯುವವರು ಮಾತ್ರ ಕಡಿಮೆ. ಇಂಗ್ಲಿಷ್ ಹೆಸರಿಟ್ಟು ಪರೀಕ್ಷಿಸಿದ ಪ್ರೋಗ್ರಾಂ ಈ ಬಲೆಗೆ ಬೀಳುವುದೇ ಇಲ್ಲವಲ್ಲ.

ಹಾಗಾದರೆ ಮೆಚ್ಚತಕ್ಕ ಮಾದರಿ ಇಲ್ಲವೆ? ಇದೆ. ಕೆನಡಾದ ಫಿಲ್ ಹಾರ್ವೆ 2003ರಿಂದ ಬೆಳೆಸುತ್ತ ಬಂದ ಎಕ್ಸಿಫ್‌ಟೂಲ್, ದುಡ್ಡಿಲ್ಲದೆ ಸಿಗುತ್ತದೆ. ನೋಡಲು ರೂಪವಿಲ್ಲ, ಕಪ್ಪು ಕಿಟಕಿಯಲ್ಲಿ ಅಕ್ಷರ ಸುರಿಯುತ್ತದೆ. ಅದರ ಹಿರಿಮೆ ವೇಗದಲ್ಲೂ ಇಲ್ಲ. ಸೂಕ್ತ ಆಯ್ಕೆ ಕೊಟ್ಟರೆ ಪ್ರತಿ ಉತ್ತರದ ಪಕ್ಕದಲ್ಲೂ ಅದು ಎಲ್ಲಿಂದ ಬಂತೆಂದು ಬರೆಯುತ್ತದೆ: ಇದು ಡಿಸ್ಕು ಹೇಳಿದ್ದು, ಇದು ಎಕ್ಸಿಫ್ ಹೇಳಿದ್ದು, ಇದು ಬೇರೆ ಎರಡರಿಂದ ನಾನೇ ಲೆಕ್ಕ ಹಾಕಿದ್ದು. ಇಪ್ಪತ್ತು ಸಾಲಿನ ಪ್ರೋಗ್ರಾಮಿಗೂ ಈ ಶಿಸ್ತು ಭಾರವೇನಲ್ಲ. ಒಂದು ವೇಳೆಯ ಖಾನೆಯ ಬದಲು ಮೂರು ಖಾನೆ ಸಾಕು: ಕ್ಯಾಮೆರಾ ಬರೆದದ್ದು, ಡಿಸ್ಕು ಬರೆದದ್ದು, ಹೆಸರಿನಲ್ಲಿದ್ದದ್ದು. ಸಿಗದಿದ್ದರೆ ಖಾಲಿ. ಯಾವುದನ್ನು ನಂಬಬೇಕೆಂದು ತೋಟ ಬಲ್ಲವರು ಹಾಳೆಯ ಮುಂದೆ ಕೂತು ತೀರ್ಮಾನಿಸಲಿ. ಅವತ್ತು ಕರೆಂಟು ಹೋಗಿತ್ತು, ಅವತ್ತೇ ಪಕ್ಕದ ತೋಟದಲ್ಲಿ ಪಟಾಕಿ ಹೊಡೆದಿದ್ದರು ಎಂಬುದು ಅವರಿಗೆ ನೆನಪಿರುತ್ತದೆ.

ನಾಲ್ಕನೆಯ ಖಾನೆಯೊಂದನ್ನು ಸೇರಿಸಲು ಈಗ ಕಾನೂನಿನ ಕಾರಣವೂ ಇದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಡಿಜಿಟಲ್ ದಾಖಲೆಯ ಜೊತೆ ಕೊಡುವ ಪ್ರಮಾಣಪತ್ರದಲ್ಲಿ ಫೈಲಿನ ಹ್ಯಾಶ್ ಬೆಲೆಯನ್ನು ನಮೂದಿಸಬೇಕು. ಹ್ಯಾಶ್ ಎಂಬುದು ಫೋಲ್ಡರಿನ ಪಟ್ಟಿಯಲ್ಲಿ ಸಿಗುವ ಗುಣವಲ್ಲ. ಫೈಲಿನ ಒಳಗಿನ ಅಷ್ಟೂ ಅಂಶವನ್ನು ಓದಿ ಲೆಕ್ಕ ಹಾಕಬೇಕು, ಸಾವಿರಾರು ಫೋಟೊ ಇದ್ದರೆ ಸ್ವಲ್ಪ ಹೊತ್ತು ಹಿಡಿಯುತ್ತದೆ. ಕಾಪಿ ಮಾಡಿದರೂ ಹೆಸರು ಬದಲಿಸಿದರೂ ಅದು ಕದಲುವುದಿಲ್ಲ, ಚಿತ್ರದ ಒಂದು ಚುಕ್ಕೆ ತಿದ್ದಿದರೆ ಪೂರ್ತಿ ಬೇರೆಯಾಗುತ್ತದೆ. ಆನೆ ಬಂದದ್ದು ಎಷ್ಟು ಗಂಟೆಗೆಂದು ಅದು ಹೇಳಲಾರದು. ಕಾರ್ಡು ಬಿಚ್ಚಿದ ದಿನವೇ ಲೆಕ್ಕ ಹಾಕಿ ಇಟ್ಟಿದ್ದರೆ, ಅವತ್ತಿನ ಫೋಟೊ ಇದೇ ಎಂದು ಹೇಳಬಲ್ಲದು.