ಓಣಿಗೊಂದು ವೇಳೆ, ಊರಿಗೊಂದು ಕಥೆಯಿಲ್ಲ

ಬೆಂಗಳೂರಿನ ‘ರೇಡಿಯೋ ಆಕ್ಟಿವ್’ 90.4 ಆ ನಗರದ ಮೊದಲ ಸಮುದಾಯ ಬಾನುಲಿ. ಜೈನ್ ವಿದ್ಯಾಸಂಸ್ಥೆಯ ಆಶ್ರಯದಲ್ಲಿ 2007ರ ಜೂನ್‌ನಲ್ಲಿ ಶುರುವಾಯಿತು. ಸಮುದಾಯ ಬಾನುಲಿಗೆ ಸರ್ಕಾರ ಕೊಡುವುದು ನೂರು ವ್ಯಾಟ್ ಶಕ್ತಿ, ಮೂವತ್ತು ಮೀಟರಿನ ಕಂಬ. ಹತ್ತು ಹನ್ನೆರಡು ಕಿಲೋಮೀಟರ್ ದಾಟಿದರೆ ದನಿ ಸಿಗುವುದಿಲ್ಲ. ಐನೂರು ಕಿಲೋಮೀಟರ್ ಆಚೆ, ವಿಜಯಪುರ ಜಿಲ್ಲೆಯ ಘೋಣಸಗಿಯಲ್ಲಿರುವ ನಮಗೆ ಅದರ ಗೊಡವೆ ಏಕೆ ಎಂದು ಯಾರಾದರೂ ಕೇಳಬಹುದು. ನಮ್ಮ ಜಿಲ್ಲೆಯ ಮಂದಿ ದುಡಿಯಲಿಕ್ಕೆ ಹೋಗುವ ಊರು ಅದು. ಅಲ್ಲಿ ಏಳುವ ಕಟ್ಟಡಗಳ ಪಕ್ಕದ ತಗಡಿನ ಶೆಡ್ಡುಗಳಲ್ಲಿ ವಿಜಯಪುರ, ಕಲಬುರಗಿ, ರಾಯಚೂರಿನ ಕನ್ನಡ ಕೇಳುತ್ತದೆ. ಆ ನಗರ ತನ್ನೊಳಗಿನ ಹಲವು ಜನರ ಕಥೆಯನ್ನು ಹೇಗೆ ಹೇಳಿಕೊಳ್ಳುತ್ತದೆ ಎಂಬುದರಲ್ಲಿ ನಮ್ಮ ಮನೆಯವರ ಪಾಲೂ ಇದೆ. ಇನ್ನೊಂದು ಕಾರಣ ವಿಜಯಪುರವೇ. ಕನ್ನಡ, ದಖನಿ, ಮರಾಠಿ, ಲಂಬಾಣಿ ಒಂದೇ ಸಂತೆಯಲ್ಲಿ ಚೌಕಾಸಿ ಮಾಡುವ ಈ ಊರಿನ ಕಥೆಯನ್ನು ರೇಡಿಯೋದಲ್ಲಿ ಹೇಳುವವರಿಗೆ ಬೆಂಗಳೂರಿನ ಆ ಪುಟ್ಟ ಕೇಂದ್ರದಿಂದ ಕಲಿಯಲಿಕ್ಕೂ ಇದೆ, ಎಚ್ಚರಗೊಳ್ಳಲಿಕ್ಕೂ ಇದೆ.

ಮೊದಲು ಕಲಿಯಬೇಕಾದ್ದು. ‘ಕಸ ಶ್ರಮಿಕ, ಪರಿಸರ ರಕ್ಷಕ’ ಎಂಬ ಕಾರ್ಯಕ್ರಮ ಈ ಕೇಂದ್ರದ ದೊಡ್ಡ ಸಾಧನೆ ಎಂದು ನಾನು ತಿಳಿದಿದ್ದೇನೆ. ಹಸಿರು ದಳ ಸಂಘಟನೆಯ ಜೊತೆಗೂಡಿ ರೂಪಿಸಿದ ಇದನ್ನು ನಡೆಸಿಕೊಟ್ಟವರು ಕಸದ ಕೆಲಸದಿಂದಲೇ ಬಂದವರು. ಬಡವರ ಬಗ್ಗೆ ಕಾರ್ಯಕ್ರಮ ಮಾಡುವ ನಮ್ಮ ರೇಡಿಯೋ, ಟಿ.ವಿ.ಗಳಿಗೆ ಒಂದು ರೂಢಿ ಬಿದ್ದಿದೆ. ಎದುರು ಕೂತವರಿಗೆ ‘ನಿಮ್ಮ ಕಷ್ಟ ಹೇಳಿ’ ಎನ್ನುತ್ತಾರೆ. ಕಷ್ಟ ಹೇಳಿ ಮುಗಿದ ಕೂಡಲೇ ಹಿನ್ನೆಲೆಗೆ ಕೊಳಲು ಬರುತ್ತದೆ, ಕೇಳುಗರ ಕಣ್ಣು ಒದ್ದೆಯಾಗುತ್ತದೆ, ಅಲ್ಲಿಗೆ ಮುಗಿಯಿತು. ಇಲ್ಲಿ ಕೇಳುವ ಪ್ರಶ್ನೆ ಬೇರೆ: ನಿಮ್ಮ ಕೆಲಸ ಎಂಥದ್ದು, ಅದರ ಒಳಗುಟ್ಟೇನು?

ಆ ಒಳಗುಟ್ಟು ಸಣ್ಣದಲ್ಲ. ನೀರಿನ ಬಾಟಲಿಯ ಪ್ಲಾಸ್ಟಿಕ್ಕೇ ಬೇರೆ, ಅದರ ಮುಚ್ಚಳದ್ದೇ ಬೇರೆ, ಎರಡಕ್ಕೂ ಬೇರೆ ಬೇರೆ ದರ. ಹಾಲಿನ ಪ್ಯಾಕೆಟ್ ತೊಳೆದು ಒಣಗಿಸಿ ಕೊಟ್ಟರೆ ಮಾರಾಟವಾಗುತ್ತದೆ, ಹಾಗೇ ಎಸೆದರೆ ನಾರುತ್ತದೆ. ರಟ್ಟಿನ ಮೇಲೆ ಸಾರು ಚೆಲ್ಲಿದರೆ ರಟ್ಟಿಗೆ ಬೆಲೆಯಿಲ್ಲ. ಒಡೆದ ಗಾಜು, ಬ್ಲೇಡು, ಬಳಸಿದ ಪ್ಯಾಡು ಎಲ್ಲ ಒಂದೇ ಚೀಲದಲ್ಲಿ ಬಂದರೆ ಆ ಚೀಲಕ್ಕೆ ಕೈ ಹಾಕುವ ಹೆಂಗಸಿನ ಬೆರಳಿಗೆ ಗಾಯ ತಪ್ಪಿದ್ದಲ್ಲ. ಇದನ್ನೆಲ್ಲ ಬಲ್ಲವರು ಮೈಕಿನ ಮುಂದೆ ಕೂತು ಮಾತಾಡಿದಾಗ ಕೇಳುಗರು ಕನಿಕರ ಪಡುವವರಾಗಿ ಉಳಿಯುವುದಿಲ್ಲ. ಆ ಚೀಲ ತಮ್ಮ ಅಡುಗೆಮನೆಯಿಂದಲೇ ಹೋದದ್ದು ಎಂಬುದು ಅವರಿಗೆ ತಾನಾಗಿ ಹೊಳೆಯುತ್ತದೆ. ಕಥೆಯೊಳಕ್ಕೆ ಅವರೂ ಬಂದು ನಿಲ್ಲಬೇಕಾಗುತ್ತದೆ.

ಕಾಲವೂ ಹಾಗಿತ್ತು. 2011ರಲ್ಲಿ ಬೆಂಗಳೂರು ಮಹಾನಗರ ಪಾಲಿಕೆ ಚಿಂದಿ ಆಯುವವರಿಗೆ ಗುರುತಿನ ಚೀಟಿ ಕೊಟ್ಟಿತು. 2012ರಲ್ಲಿ ಮಾವಳ್ಳಿಪುರದ ಕಸದ ಗುಂಡಿ ಮುಚ್ಚಿದಾಗ ನಗರದ ಬೀದಿಬೀದಿಯಲ್ಲಿ ಕಸ ಗುಡ್ಡೆಬಿತ್ತು. ಆಗ ಪತ್ರಿಕೆಗಳು ಬರೆದದ್ದು ಹೆಚ್ಚಾಗಿ ಗುತ್ತಿಗೆದಾರರು, ಅಧಿಕಾರಿಗಳು, ನ್ಯಾಯಾಲಯದ ಆದೇಶಗಳ ಬಗ್ಗೆ. ನಿತ್ಯ ಕಸದಲ್ಲಿ ಕೈ ಇಟ್ಟವರನ್ನು ತಜ್ಞರೆಂದು ಕೂರಿಸಿ ಕೇಳುವ ಬುದ್ಧಿ ಒಂದು ಸಣ್ಣ ರೇಡಿಯೋಕ್ಕೆ ಬಂದದ್ದು ಸಾಮಾನ್ಯ ಮಾತಲ್ಲ.

ಅದೂ ಯಾವ ಕಟ್ಟಿನೊಳಗೆ? ಗಾಳಿಯ ಅಲೆಗಳು ಸಾರ್ವಜನಿಕರ ಸೊತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿತು. ಸಂಘಸಂಸ್ಥೆಗಳಿಗೆ ಸಮುದಾಯ ಬಾನುಲಿ ನಡೆಸುವ ಅವಕಾಶ ಸಿಕ್ಕಿದ್ದು 2006ರ ನೀತಿಯಲ್ಲಿ, ಅಂದರೆ ಹನ್ನೊಂದು ವರ್ಷದ ಮೇಲೆ. ಸಿಕ್ಕಾಗಲೂ ಸುದ್ದಿ ಹೇಳಕೂಡದು, ರಾಜಕೀಯ ಮಾತಾಡಕೂಡದು ಎಂಬ ಷರತ್ತು ಜೊತೆಗಿತ್ತು. ಕಸದ ಲಾರಿ ಏಕೆ ಬಂದಿಲ್ಲ, ಟೆಂಡರ್ ಯಾರಿಗೆ ಹೋಯಿತು ಎಂಬುದನ್ನು ಸುದ್ದಿಯಾಗಿ ಹೇಳಲಾರದ ಕೇಂದ್ರ ಅದನ್ನು ಒಬ್ಬರ ಬದುಕಿನ ಕಥೆಯ ಮೂಲಕವೇ ಮುಟ್ಟಿಸಬೇಕು. ಈ ನಿರ್ಬಂಧ ಅನ್ಯಾಯದ್ದು. ಅದನ್ನು ಇನ್ನೂ ಉಳಿಸಿಕೊಂಡಿರುವುದಕ್ಕೆ ಸಮರ್ಥನೆಯಿಲ್ಲ. ಸಮುದಾಯ ಬಾನುಲಿಯ ಕೊರತೆಗಳನ್ನು ಎಣಿಸುವಾಗ ಈ ಕಟ್ಟನ್ನು ಮರೆತರೆ ವಿಮರ್ಶೆ ಕ್ರೂರವಾಗುತ್ತದೆ.

ಆದರೂ ಒಂದು ಕೊರತೆ ಉಳಿಯುತ್ತದೆ, ಅದು ಸರ್ಕಾರದ ಷರತ್ತಿನಿಂದ ಬಂದದ್ದಲ್ಲ. ಕಸದ ಕೆಲಸದವರಿಗೊಂದು ವೇಳೆ, ಅಂಗವಿಕಲರಿಗೊಂದು ವೇಳೆ, ಲೈಂಗಿಕ ಅಲ್ಪಸಂಖ್ಯಾತರಿಗೊಂದು ವೇಳೆ, ಮನೆಗೆಲಸದ ಹೆಣ್ಣುಮಕ್ಕಳಿಗೊಂದು ವೇಳೆ. ಒಬ್ಬೊಬ್ಬರಿಗೂ ಜಾಗ ಸಿಕ್ಕಿದೆ, ಆದರೆ ಒಬ್ಬರನ್ನೊಬ್ಬರು ಭೇಟಿಯಾಗುವ ಜಾಗ ಕಡಿಮೆ. ಬೆಂಗಳೂರಿನ ಒಂದೇ ಓಣಿಯಲ್ಲಿ ತಮಿಳು ಮಾತಾಡುವ ಪೌರಕಾರ್ಮಿಕ ಮಹಿಳೆ, ದಖನಿ ಮಾತಾಡುವ ಗುಜರಿ ಅಂಗಡಿಯವ, ನಮ್ಮ ಕಡೆಯ ಗೌಂಡಿ, ತೆಲುಗಿನ ಮನೆಯೊಡತಿ ಎಲ್ಲ ದಿನಕ್ಕೆ ನಾಲ್ಕು ಸಲ ಎದುರಾಗುತ್ತಾರೆ. ಓಣಿಯಲ್ಲಿ ಕೂಡಿ ಬಾಳುವವರು ವೇಳಾಪಟ್ಟಿಯಲ್ಲಿ ಬೇರೆ ಬೇರೆ ಮನೆ ಹಿಡಿದರೆ ಕೇಳುಗ ತನ್ನ ವೇಳೆಯನ್ನಷ್ಟೇ ಕೇಳುತ್ತಾನೆ. ಕಸದ ಕಾರ್ಯಕ್ರಮ ಉಳಿದವುಗಳಿಗಿಂತ ಮೇಲೇರುವುದು ಇದೇ ಕಾರಣಕ್ಕೆ. ಕಸ ಎಲ್ಲರ ಮನೆಯಿಂದಲೂ ಬರುವುದರಿಂದ ಅಲ್ಲಿ ನೆರೆಹೊರೆ ಕೂಡಲೇಬೇಕಾಗುತ್ತದೆ.

ಇದೇ ಕೇಂದ್ರದಲ್ಲಿ ನಿರೂಪಕಿಯಾಗಿದ್ದ ಪ್ರಿಯಾಂಕಾ ದಿವಾಕರ್ ಅವರ ವಿಷಯದಲ್ಲೂ ಈ ಮಾತು ಬರುತ್ತದೆ. ದೇಶದ ಮೊದಲ ಟ್ರಾನ್ಸ್‌ಜೆಂಡರ್ ರೇಡಿಯೋ ನಿರೂಪಕಿ ಎಂದು ಪತ್ರಿಕೆಗಳು ಅವರನ್ನು ಕೊಂಡಾಡಿದವು. ಕೊಂಡಾಡಬೇಕಾದ್ದೇ. ಆದರೆ ಆ ಬರಹಗಳಲ್ಲಿ ಅವರು ಪಟ್ಟ ಪಾಡಿಗೆ ಸಿಕ್ಕಷ್ಟು ಜಾಗ ಅವರ ಮಾತಿನ ಕಸುಬಿಗೆ ಸಿಗಲಿಲ್ಲ. ಒಬ್ಬ ನಿರೂಪಕಿಯನ್ನು ಅಳೆಯುವುದು ಆಕೆ ಕೇಳುವ ಪ್ರಶ್ನೆಯಿಂದ, ಎದುರಿನವರು ತಡವರಿಸಿದಾಗ ಕಾಯುವ ತಾಳ್ಮೆಯಿಂದ, ನಗೆಯನ್ನು ಎಲ್ಲಿ ಬಿಡಬೇಕು ಎಂಬ ಹದದಿಂದ. ನಿನ್ನ ಸಮುದಾಯದ ಬಗ್ಗೆ ಮಾತ್ರ ಮಾತಾಡು ಎಂದು ಮೈಕ್ ಕೊಟ್ಟರೆ ಕೊಟ್ಟದ್ದು ಅರ್ಧ ಮೈಕ್. ಬೆಲೆ ಏರಿಕೆಯ ಬಗ್ಗೆ, ಮಳೆಯ ಬಗ್ಗೆ, ಹೊಸ ಸಿನಿಮಾದ ಬಗ್ಗೆ ಊರಿನ ಎಲ್ಲರ ಪರವಾಗಿ ಮಾತಾಡುವ ಅಧಿಕಾರ ಸಿಕ್ಕಾಗ ಅದು ಪೂರ್ತಿಯಾದೀತು.

ಈಗ ನಮ್ಮೂರಿಗೆ ಬರೋಣ. ವಿಜಯಪುರ ಆಕಾಶವಾಣಿಯ 101.8 ಎಫ್.ಎಂ. ಘೋಣಸಗಿಯ ಹೊಲಮನೆಗಳಲ್ಲಿ ಸಿಗುತ್ತದೆ. ಸಮುದಾಯ ಬಾನುಲಿಗಿಂತ ಎಷ್ಟೋ ದೊಡ್ಡ ಟ್ರಾನ್ಸ್‌ಮಿಟರ್, ಎಷ್ಟೋ ದೊಡ್ಡ ಪ್ರದೇಶ. ಇದರ ಹಿಂದೆ ಧಾರವಾಡದ ಪರಂಪರೆಯೂ ಇದೆ. 1950ರ ಜನವರಿಯಲ್ಲಿ ಶುರುವಾದ ಧಾರವಾಡ ಕೇಂದ್ರಕ್ಕೆ 1956ರಿಂದ ಬೇಂದ್ರೆಯವರೇ ಸಾಹಿತ್ಯ ಸಲಹೆಗಾರರಾಗಿದ್ದರು. ಉತ್ತರ ಕರ್ನಾಟಕದ ಮಾತಿಗೆ ರೇಡಿಯೋದಲ್ಲಿ ಮರ್ಯಾದೆ ಬಂದದ್ದರಲ್ಲಿ ಆ ಕೇಂದ್ರದ ಪಾಲು ದೊಡ್ಡದು. ನಮ್ಮ ಜಿಲ್ಲೆಗೆ ಇನ್ನೂ ಹಳೆಯ ಬೇರಿದೆ. ಹಲಸಂಗಿಯ ಗೆಳೆಯರು ಹೆಣ್ಣುಮಕ್ಕಳ ಬಾಯಿಂದ ಕೇಳಿ ಕೂಡಿಸಿದ ‘ಗರತಿಯ ಹಾಡು’ 1931ರಷ್ಟು ಹಿಂದಿನದು. ಟೇಪ್ ರೆಕಾರ್ಡರ್ ಕಾಣದ ಕಾಲದಲ್ಲಿ ಕಿವಿಗೊಟ್ಟು ಕೇಳಿ ಬರೆದುಕೊಂಡ ಮಂದಿ ಅವರು.

ಆ ಕಿವಿ ಈಗಿನ ಪ್ರಸಾರಕ್ಕೆ ಸಾಲದಾಗಿದೆ ಎಂಬುದು ನನ್ನ ಬಲವಾದ ದೂರು. ದೇಶದ ಆಕಾಶವಾಣಿಗೆಲ್ಲ ಒಂದೇ ಅಚ್ಚು. ರೈತರಿಗೆ, ಮಹಿಳೆಯರಿಗೆ, ಯುವಕರಿಗೆ, ಮಕ್ಕಳಿಗೆ ಒಂದೊಂದು ಕಾರ್ಯಕ್ರಮ, ಜೊತೆಗೆ ಚಿಂತನ, ಸಂದರ್ಶನ. ರೈತನಿಗೆ ರೋಗಬಾಧೆಯ ಸಲಹೆ ಸಿಗುತ್ತದೆ, ಅದು ಬೇಕು. ಆದರೆ ಊರಿನ ಹಲವು ಜನ ಒಂದೇ ಕಥೆಯಲ್ಲಿ ಬರುವುದು ಅಪರೂಪ. ಮೈಕ್ ಕಂಡೊಡನೆ ನಮ್ಮವರು ಮಾತು ಬದಲಿಸುತ್ತಾರೆ, ‘ಹೋಗತೇವ್ರಿ’ ಎನ್ನುವವರು ‘ಹೋಗುತ್ತೇವೆ’ ಎನ್ನತೊಡಗುತ್ತಾರೆ. ಅದನ್ನು ತಿದ್ದಿ ‘ನಿಮ್ಮ ಮನಿಯಾಗ ಮಾತಾಡಿದ್ಹಂಗ ಮಾತಾಡ್ರಿ’ ಎಂದು ಹೇಳುವ ನಿರ್ಮಾಪಕರು ಬೇಕು. ವಿಜಯಪುರದ ಟಾಂಗಾದವರನ್ನು ನೋಡಿ. ಗೋಳಗುಮ್ಮಟದ ಮುಂದೆ ಪ್ರವಾಸಿಗರಿಗೆ ಹಿಂದಿಯಲ್ಲಿ ದರ ಹೇಳುತ್ತಾರೆ, ಟಿಕೋಟಾದಿಂದ ದವಾಖಾನೆಗೆ ಬಂದ ಅಜ್ಜಿಗೆ ‘ಯವ್ವಾ, ಸಾವಕಾಶ ಹತ್ತು’ ಎನ್ನುತ್ತಾರೆ, ಪಕ್ಕದ ಗಾಡಿಯವನ ಜೊತೆ ದಖನಿಯಲ್ಲಿ ಜಗಳ ತೆಗೆಯುತ್ತಾರೆ. ಒಂದು ನಿಮಿಷದ ಆ ಧ್ವನಿಯಲ್ಲಿ ಇಡೀ ಊರು ಸಿಗುತ್ತದೆ. ಅವರ ಸಂದರ್ಶನ ಉರ್ದುವಿನ ವೇಳೆಗೆ ಹೋಗಬೇಕೋ ಕನ್ನಡದ ವೇಳೆಗೋ ಎಂದು ವೇಳಾಪಟ್ಟಿ ಕೇಳುವುದಾದರೆ ತಪ್ಪು ವೇಳಾಪಟ್ಟಿಯದು.

ಬೇರೆ ದಾರಿ ಇದೆ, ಬಹಳ ಹಿಂದೆಯೇ ತೋರಿಸಿದವರಿದ್ದಾರೆ. ಇಂಗ್ಲೆಂಡಿನಲ್ಲಿ 1957ರಲ್ಲಿ ಗೂಡ್ಸ್ ರೈಲೊಂದರ ಬ್ರೇಕ್ ಕೈಕೊಟ್ಟಾಗ ಜಾನ್ ಆ್ಯಕ್ಸನ್ ಎಂಬ ಚಾಲಕ ಇಳಿದು ಓಡದೆ ಗಾಡಿ ನಿಲ್ಲಿಸಲು ಹೆಣಗಿ ಸತ್ತ. ಬಿಬಿಸಿಯ ಚಾರ್ಲ್ಸ್ ಪಾರ್ಕರ್, ಹಾಡುಗಾರ ಇವಾನ್ ಮೆಕಾಲ್, ಪೆಗ್ಗಿ ಸೀಗರ್ ಸೇರಿ ಆತನ ಕಥೆ ಮಾಡಿದರು. ಕೆಲಸಗಾರರ ಮಾತನ್ನು ಬರೆದುಕೊಂಡು ನಟರಿಂದ ಓದಿಸುವುದು ಅಲ್ಲಿಯ ರೂಢಿಯಾಗಿತ್ತು. ಇವರು ರೈಲ್ವೆಯವರ ದನಿಯನ್ನೇ ಇಟ್ಟು, ನಡುನಡುವೆ ಹೊಸದಾಗಿ ಕಟ್ಟಿದ ಲಾವಣಿ ಹೆಣೆದರು. 1958ರ ಜುಲೈನಲ್ಲಿ ಪ್ರಸಾರವಾದ ಆ ಕಾರ್ಯಕ್ರಮದಿಂದ ರೇಡಿಯೋ ಲಾವಣಿಗಳ ಸರಣಿಯೇ ಹುಟ್ಟಿತು. ಗೀಗೀ ಮೇಳಗಳು ಇನ್ನೂ ಹಾಡುವ ನಮ್ಮ ಸೀಮೆಗೆ ಈ ಬಗೆ ಹೊರಗಿನದೆನಿಸದು.

ನಮ್ಮಲ್ಲಿ ಅಂಥ ಕಥೆಗೆ ವಸ್ತು ಹುಡುಕಬೇಕಿಲ್ಲ. ಟಿಕೋಟಾ ಸೀಮೆಯ ಒಂದು ಪೆಟ್ಟಿಗೆ ಒಣದ್ರಾಕ್ಷಿಯ ಬೆನ್ನು ಹತ್ತಿದರೆ ಸಾಕು. ಬೇಸಿಗೆಯಲ್ಲಿ ಗೊನೆ ಕೊಯ್ದು ದ್ರಾವಣದಲ್ಲಿ ಅದ್ದಿ, ಶೆಡ್ಡಿನ ಜಾಲರಿಯ ಮೇಲೆ ಹರವುತ್ತಾರೆ. ವಾರಗಟ್ಟಲೆ ನೆರಳಲ್ಲಿ ಒಣಗಿಸಿ, ಬಣ್ಣ ಕೆಡದಂತೆ ಗಂಧಕದ ಹೊಗೆ ಕೊಟ್ಟು, ಆಮೇಲೆ ಆರಿಸಲು ಹೆಣ್ಣುಮಕ್ಕಳು ಸಾಲಾಗಿ ಕೂಡುತ್ತಾರೆ. ತೋಟದ ಯಜಮಾನ ಸಾಲದ ಲೆಕ್ಕ ಹೇಳುತ್ತಾನೆ, ತಾಂಡಾದಿಂದ ಬಂದವರು ಲಂಬಾಣಿಯಲ್ಲಿ ಮಾತಾಡಿಕೊಳ್ಳುತ್ತಾರೆ. ಪೆಟ್ಟಿಗೆ ಹೊರುವ ಹಮಾಲ, ಟೆಂಪೋ ಓಡಿಸುವ ಹುಡುಗ, ವಿಜಯಪುರದ ಎಪಿಎಂಸಿಯ ದಲಾಲ, ಗಡಿಯಾಚೆ ತಾಸಗಾಂವದ ಮರಾಠಿ ವ್ಯಾಪಾರಿ, ಕೊನೆಗೆ ರಂಜಾನ್‌ನ ಶೀರಖುರ್ಮಾಕ್ಕೋ ಜಾತ್ರೆಯ ಶಿರಾಕ್ಕೋ ಅದನ್ನು ಕೊಳ್ಳುವ ಗೃಹಿಣಿ. ಇವರೆಲ್ಲರನ್ನೂ ಒಂದೇ ತಾಸಿನಲ್ಲಿ ಕೇಳಿಸಬಹುದು. ಹೊಗೆ ಕೊಡುವ ಕೋಣೆಯ ಬಳಿ ಕೆಮ್ಮುವವರ ದನಿಯನ್ನು ಕತ್ತರಿಸದೆ ಇಡಬೇಕು. ದರ ಇಳಿದ ವರ್ಷ ಕೂಲಿ ಯಾರಿಗೆ ಬಾಕಿ ಉಳಿಯಿತು ಎಂದು ಶೆಡ್ಡಿನಲ್ಲೂ ಕೇಳಬೇಕು, ತೋಟದ ಮನೆಯಲ್ಲೂ ಕೇಳಬೇಕು, ಎರಡು ಉತ್ತರಗಳನ್ನೂ ಅಕ್ಕಪಕ್ಕ ಕೇಳಿಸಬೇಕು. ಸಾಮರಸ್ಯದ ಹೆಸರಿನಲ್ಲಿ ಜಗಳವನ್ನು ಒರೆಸಿ ಹಾಕುವ ಕಥೆ ಊರಿನ ಕಥೆಯಾಗುವುದಿಲ್ಲ.

ಭಾಷೆಯ ಬಗ್ಗೆ ಭಯ ಬೇಡ. ಮಂಗಳೂರಿನ ಸಂತ ಅಲೋಶಿಯಸ್ ವಿದ್ಯಾಸಂಸ್ಥೆಯ ‘ರೇಡಿಯೋ ಸಾರಂಗ್’ ಕನ್ನಡ, ತುಳು, ಕೊಂಕಣಿ, ಬ್ಯಾರಿ ಎಲ್ಲವನ್ನೂ ಒಂದೇ ಕೇಂದ್ರದಿಂದ ಕೇಳಿಸುತ್ತಿದೆ. ಲಂಬಾಣಿ ಮಾತಿಗೆ ಹಿಂದೆಯೇ ಕನ್ನಡದ ಎರಡು ಸಾಲು ಸೇರಿಸಿದರೆ ಯಾರಿಗೂ ಕಷ್ಟವಾಗದು. ಅಷ್ಟಕ್ಕೂ ಸಂತೆಯಲ್ಲಿ ಅರ್ಥವಾಗುವ ಮಾತು ರೇಡಿಯೋದಲ್ಲಿ ಅರ್ಥವಾಗದೆ ಹೋಗುವುದು ಹೇಗೆ?

ಆಕಾಶವಾಣಿಗೆ ಕಷ್ಟವಾಗುವುದು ಬೇರೆಡೆ. ಇಂಥ ಒಂದು ತಾಸಿಗೆ ಎರಡು ತಿಂಗಳ ತಿರುಗಾಟ ಬೇಕು, ಅದಕ್ಕೆ ವಾಹನ, ಸಂಭಾವನೆ, ಸಂಕಲನಕ್ಕೆ ಕೂರುವ ಮಂದಿ ಬೇಕು. ಒಂದೇ ಸಂದರ್ಶನವನ್ನು ಸ್ಟುಡಿಯೋದಲ್ಲಿ ಮುಗಿಸಿದರೆ ಅರ್ಧ ದಿನದ ಕೆಲಸ. ಆ ಎರಡರ ನಡುವಿನ ವ್ಯತ್ಯಾಸಕ್ಕೆ ಪ್ರಸಾರ ಭಾರತಿ ಹಣ ತೆಗೆದಿಡಬೇಕು, ವರ್ಷಕ್ಕೆ ಇಂಥ ಎರಡು ಕಾರ್ಯಕ್ರಮ ಪ್ರತಿ ಜಿಲ್ಲಾ ಕೇಂದ್ರದಿಂದ ಬರಲೇಬೇಕೆಂದು ಕೇಳಬೇಕು. ತಯಾರಾದದ್ದನ್ನು ಪ್ರಸಾರಕ್ಕೆ ಮುಂಚೆ ಒಂದು ಸಂಜೆ ಶೆಡ್ಡಿನಲ್ಲೇ, ಮಾತಾಡಿದ ಹೆಣ್ಣುಮಕ್ಕಳ ಮುಂದೆ ಹಚ್ಚಿ ಕೇಳಿಸಬೇಕು. ‘ಇದನ್ನ ತಗೀರಿ’ ಎಂದು ಅವರು ಹೇಳಿದ್ದನ್ನು ತೆಗೆಯಬೇಕು, ‘ಇದನ್ಯಾಕ ಬಿಟ್ರಿ?’ ಎಂದು ಕೇಳಿದ್ದನ್ನು ಸೇರಿಸಬೇಕು.