ಮೋಹನಸ್ವಾಮಿಯೂ ಜಪಾನಿನ ಹುಡುಗರೂ

ಶೃಂಗಾರಕ್ಕೆ ಆಲಂಬನ ಯಾರೆಂಬ ಪ್ರಶ್ನೆಯನ್ನು ನಮ್ಮ ಲಾಕ್ಷಣಿಕರು ಬಹು ಹಿಂದೆಯೇ ಎತ್ತಿ, ಉತ್ತರವನ್ನೂ ಹೇಳಿಟ್ಟಿದ್ದಾರೆ. ನಾಯಕನಿರಬೇಕು, ನಾಯಿಕೆಯಿರಬೇಕು, ಇಬ್ಬರಲ್ಲಿಯೂ ಸಮಾನವಾದ ರತಿಯಿರಬೇಕು. ಒಮ್ಮುಖವಾದ ಅನುರಾಗ, ಗುರುಪತ್ನಿಯಲ್ಲಿ ನೆಟ್ಟ ಮನಸ್ಸು, ಪಶುಪಕ್ಷಿಗಳ ಪ್ರಣಯ ಇವೆಲ್ಲ ಅವರ ಲೆಕ್ಕದಲ್ಲಿ ರಸವಲ್ಲ, ರಸಾಭಾಸ. ಹುಡುಗನೊಬ್ಬ ಹುಡುಗನನ್ನೇ ಒಲಿದರೆ ಅದನ್ನು ಯಾವ ಕಡೆಗೆ ಸೇರಿಸೋಣ? ರಸಪ್ರಕರಣವನ್ನು ಪಾಠ ಹೇಳುವ ನಮ್ಮಂಥವರು ಈ ಪ್ರಶ್ನೆಯನ್ನು ಮೆಲ್ಲಗೆ ದಾಟಿಕೊಂಡು ಹೋಗುವುದೇ ರೂಢಿ. ಆದರೆ ಎರಡು ಕೃತಿಗಳು ಈಗ ದಾರಿಗೆ ಅಡ್ಡ ನಿಂತಿವೆ. ಒಂದು ಕನ್ನಡದ ಕಥಾಸಂಕಲನ, ಮತ್ತೊಂದು ಜಪಾನಿನ ದೂರದರ್ಶನ ಧಾರಾವಾಹಿ.

ಧಾರಾವಾಹಿಯ ಹೆಸರು ‘ಕಿಯೆತಾ ಹತ್ಸುಕೋಯಿ’. ‘ಅಳಿಸಿಹೋದ ಮೊದಲ ಒಲವು’ ಎಂದು ಅರ್ಥ. 2021ರಲ್ಲಿ ಟಿವಿ ಅಸಾಹಿಯಲ್ಲಿ ಹತ್ತು ಕಂತುಗಳಾಗಿ ಪ್ರಸಾರವಾಯಿತು. ಮೊಬೈಲು ಕೈಯಲ್ಲಿರುವ ಹುಡುಗರಿಗೆ ಇಂದು ಟೋಕಿಯೊ ದೂರದ ಊರೇನಲ್ಲ. ಕಥೆ ಒಂದು ರಬ್ಬರಿನಿಂದ ಆರಂಭವಾಗುತ್ತದೆ. ಪ್ರೌಢಶಾಲೆಯ ಹುಡುಗ ಆವೋಕಿ, ತಾನು ಮನಸ್ಸಿನಲ್ಲೇ ಮೆಚ್ಚಿದ ಹಾಶಿಮೊತೊ ಎಂಬ ಹುಡುಗಿಯಿಂದ ರಬ್ಬರು ಎರವಲು ಪಡೆಯುತ್ತಾನೆ. ಅದರ ಮೇಲೆ ಇದಾ ಎಂಬ ಸಹಪಾಠಿಯ ಹೆಸರು ಬರೆದಿದೆ. ಅದೇ ರಬ್ಬರು ಆವೋಕಿಯ ಕೈಯಲ್ಲಿರುವುದು ಇದಾನ ಕಣ್ಣಿಗೆ ಬೀಳುತ್ತದೆ. ಹುಡುಗಿಯ ಗುಟ್ಟು ಬಯಲಾಗಬಾರದೆಂದು ಆವೋಕಿ ಅದು ತನ್ನದೇ ಎಂದುಬಿಡುತ್ತಾನೆ. ಇದಾ ನಗುವುದಿಲ್ಲ, ಸಿಡಿಯುವುದೂ ಇಲ್ಲ. ತನಗೆ ಬಂದ ಒಲವೆಂದು ತಿಳಿದು ಅದನ್ನು ಗಂಭೀರವಾಗಿ ಯೋಚಿಸತೊಡಗುತ್ತಾನೆ. ಸುಳ್ಳಾಗಿ ಹುಟ್ಟಿದ ಮಾತು ಕಂತಿನಿಂದ ಕಂತಿಗೆ ನಿಜವಾಗುತ್ತ ಹೋಗುತ್ತದೆ.

ಇಲ್ಲಿ ಹಾಸ್ಯವು ಶೃಂಗಾರಕ್ಕೆ ಊರುಗೋಲಾಗಿದೆ. ಪಾತ್ರಗಳು ಎಡವುತ್ತವೆ, ತೊದಲುತ್ತವೆ. ಆದರೆ ಯಾವುದನ್ನೂ ಲೇಖಕರು ಅಪಹಾಸ್ಯಕ್ಕೆ ಒಡ್ಡುವುದಿಲ್ಲ. ಈ ಸೌಜನ್ಯವೇ ಕೃತಿಯ ಗುಣ. ದೋಷವೂ ಅದರ ಪಕ್ಕದಲ್ಲೇ ಇದೆ. ಕಥೆಯ ಮೂಲ, ಹುಡುಗಿಯರಿಗಾಗಿಯೇ ಹೊರಡುವ ‘ಬೆಸ್ಸತ್ಸು ಮಾರ್ಗರೆಟ್’ ಪತ್ರಿಕೆಯ ಚಿತ್ರಕಥೆ. 1970ರ ದಶಕದಲ್ಲಿ ಹಾಗಿಯೊ ಮೊತೊ, ತಾಕೆಮಿಯಾ ಕೇಕೊ ಮೊದಲಾದ ಲೇಖಕಿಯರು ಬೆಳೆಸಿದ ಸಂಪ್ರದಾಯ ಇದರ ಹಿಂದಿದೆ. ಇಂಥ ಕಥೆಯಲ್ಲಿ ಹುಡುಗರ ಒಲವು ಬಹುಮಟ್ಟಿಗೆ ಪಕ್ಕದಲ್ಲಿ ನಿಂತು ನೋಡುವವರ ಕನಸು. ಆದ್ದರಿಂದಲೇ ಇಲ್ಲಿ ಶಾಲೆ ಉಂಟು, ಸಮಾಜ ತೆಳುವು. ಪರೀಕ್ಷೆಯ ಭಯ ಉಂಟು, ಮನೆತನದ ಮಾನದ ಭಯ ಕಡಿಮೆ.

ಶ್ರೀ ವಸುಧೇಂದ್ರ ಅವರ ‘ಮೋಹನಸ್ವಾಮಿ’ಯಲ್ಲಿ ಆ ಭಯವೇ ಪ್ರಧಾನ. ಸಂಡೂರಿನವರಾದ ಈ ಕಥೆಗಾರರು ಈ ಬಗೆಯ ತಮ್ಮ ಮೊದಲ ಕಥೆಯನ್ನು ಬೇರೆ ಹೆಸರಿನಲ್ಲಿ ಪ್ರಕಟಿಸಿದ್ದರು. 2013ರಲ್ಲಿ ಸಂಕಲನ ಹೊರಬಂದಾಗ ತಮ್ಮದೇ ಹೆಸರು ಹಾಕಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ದೆಹಲಿ ಉಚ್ಚ ನ್ಯಾಯಾಲಯದ 2009ರ ತೀರ್ಪನ್ನು ತಳ್ಳಿಹಾಕಿ, ಇಂಥ ಪ್ರೀತಿಯನ್ನು ಮತ್ತೆ ಅಪರಾಧದ ಸಾಲಿಗೆ ಸೇರಿಸಿತು. ಅಂಥ ಕಾಲದಲ್ಲಿ ಹೆಸರು ಹಾಕಿದ್ದು ಸಾಹಿತ್ಯದ ಮಾತಷ್ಟೇ ಆಗಿರಲಿಲ್ಲವೆಂಬುದನ್ನು ವಾಚಕರು ಬಲ್ಲರು.

ಮೋಹನಸ್ವಾಮಿ ತನ್ನೊಡನೆ ಬಾಳಿದ ಕಾರ್ತಿಕನನ್ನು ಮದುವೆಗೆ ಬಿಟ್ಟುಕೊಡಬೇಕಾಗುತ್ತದೆ. ಇಲ್ಲಿ ಖಳನಿಲ್ಲ, ಶಾಪವಿಲ್ಲ. ಇರುವುದು ಮದುವೆಯೆಂಬ ಎಲ್ಲರೂ ಬಲ್ಲ ನಡವಳಿಕೆ ಮಾತ್ರ. ಅದೇ ಒಬ್ಬನ ಬಾಳಿಗೆ ಕತ್ತರಿಯಾಗುತ್ತದೆ. ಎಲ್ಲರ ಮನೆಯ ಶುಭಕಾರ್ಯವನ್ನು ಒಬ್ಬನ ಕಣ್ಣಿನಿಂದ ಸೂತಕದಂತೆ ಕಾಣಿಸಿದ ಈ ಬರವಣಿಗೆಯಲ್ಲಿ ವಿಪ್ರಲಂಭವು ಸಾಕ್ಷಾತ್ತಾಗಿದೆ. ಇದನ್ನು ಓದಿ ಮನಸ್ಸು ಕರಗಿದವನು ರಸಾಭಾಸವೆಂದು ಹೇಗೆ ತಾನೆ ಹೇಳಿಯಾನು? ಔಚಿತ್ಯವನ್ನು ನಿರ್ಣಯಿಸುವುದು ಪಾತ್ರಗಳ ಲಿಂಗವಲ್ಲ, ಭಾವದ ಸತ್ಯ. ‘ತಗಣಿ’ ಕಥೆಯಲ್ಲಿಯಂತೂ ಕರುಣವು ಭಯಾನಕದ ಕಡೆಗೆ ವಾಲುತ್ತದೆ. ಹೆಣ್ಣಿನ ಒಯ್ಯಾರದ ಶಂಕರಗೌಡನಿಗೆ ಮನೆಯವರೇ ಮೃತ್ಯುವಾಗುತ್ತಾರೆ.

ಸಂಕಲನದ ಕೊರತೆಯನ್ನೂ ಹೇಳಬೇಕು. ದುಃಖ ಒಮ್ಮೊಮ್ಮೆ ತನ್ನನ್ನು ತಾನೇ ವಿವರಿಸಿಕೊಳ್ಳತೊಡಗುತ್ತದೆ. ಕಥೆ ನಿಂತು ಅಹವಾಲು ಮುಂದಾಗುತ್ತದೆ. ಕೊನೆಗೆ ಕಿಲಿಮಂಜಾರೋ ಪರ್ವತವನ್ನು ಏರಿದ ಮೇಲೆಯೇ ಮೋಹನಸ್ವಾಮಿಗೆ ಹಗುರವಾಗಿ ಉಸಿರಾಡಲು ಸಾಧ್ಯವಾಗುವುದು. ಬಿಡುಗಡೆಗೆ ಆಫ್ರಿಕಾದ ಶಿಖರವೇ ಬೇಕಾಯಿತೆಂಬುದು ಕಥೆಗಾರರ ದೋಷವೋ, ಅವರನ್ನು ಬೆಳೆಸಿದ ನಾಡಿನ ದೋಷವೋ?

ಕತ್ತಲಗೆರೆಯಂಥ ಊರಿನಲ್ಲಿ ಭದ್ರಾ ನಾಲೆಯ ಏರಿಯ ಮೇಲೆ ಇಬ್ಬರು ಹುಡುಗರು ಹೆಗಲ ಮೇಲೆ ಕೈಹಾಕಿಕೊಂಡು ನಡೆದರೆ ಯಾರೂ ತಿರುಗಿ ನೋಡುವುದಿಲ್ಲ. ಗೆಳೆತನಕ್ಕೆ ನಮ್ಮಲ್ಲಿ ಅಷ್ಟು ಸಲಿಗೆಯುಂಟು. ಅವರಲ್ಲೊಬ್ಬನ ನಡಿಗೆ ತುಸು ಬಳುಕಿದರೆ ಮಾತ್ರ ತರಗತಿಯಿಡೀ ಅವನಿಗೊಂದು ಅಡ್ಡಹೆಸರು ಕಟ್ಟುತ್ತದೆ. ಮೇಷ್ಟರೂ ಎಷ್ಟೋ ಸಲ ಆ ನಗೆಗೆ ನಗೆ ಕೂಡಿಸುತ್ತಾರೆ. ಆ ಹುಡುಗ ತನ್ನ ಮನಸ್ಸನ್ನು ಹೇಳಿಕೊಳ್ಳಲು ಹೊರಟರೆ ಕನ್ನಡದಲ್ಲಿ ಅವನಿಗೆ ಸಿಗುವ ಮಾತು ಯಾವುದು? ಬೈಗುಳ, ಇಲ್ಲವೇ ಪತ್ರಿಕೆಗಳಲ್ಲಿ ರೂಢಿಯಾದ ‘ಸಲಿಂಗಕಾಮ’. ಆ ಪದದಲ್ಲಿ ಕಾಮವಿದೆ, ಪ್ರೇಮವಿಲ್ಲ. ಹದಿನಾರರ ಹುಡುಗನ ಮೊದಲ ಪುಳಕಕ್ಕೆ ಅದು ಹೇಗೆ ಹೊಂದೀತು?

2018ರ ಸೆಪ್ಟೆಂಬರ್ 6ರಂದು ಸರ್ವೋಚ್ಚ ನ್ಯಾಯಾಲಯ ಅಪರಾಧದ ಕಳಂಕವನ್ನು ತೊಡೆಯಿತು. ನಾಚಿಕೆಯನ್ನು ತೊಡೆಯುವುದು ನ್ಯಾಯಾಧೀಶರ ಕೈಯಲ್ಲಿಲ್ಲ. ಅದು ಮಾತು ಕಟ್ಟುವವರ ಕೆಲಸ. ‘ಮೋಹನಸ್ವಾಮಿ’ ಅದನ್ನು ಆರಂಭಿಸಿತು. ಅದರ ಸತ್ಯದ ಭಾರ ಜಪಾನಿನ ಧಾರಾವಾಹಿಗಿಲ್ಲ. ಧಾರಾವಾಹಿಯ ಲಘುತ್ವ ಅದಕ್ಕಿಲ್ಲ. ಇವುಗಳಲ್ಲಿ ಹೆಚ್ಚಿನದು ಯಾವುದೆಂದು ಕೇಳಿದರೆ ನಾನು ನಿಸ್ಸಂಕೋಚವಾಗಿ ಕನ್ನಡದ ಕೃತಿಯನ್ನೇ ಹೇಳುತ್ತೇನೆ. ಆದರೆ ತರಗತಿಯ ಹಿಂದಿನ ಬೆಂಚಿನಲ್ಲಿ ಒಬ್ಬನೇ ಕುಳಿತ ಹುಡುಗನಿಗೆ ಮೊದಲು ಕೊಡಬೇಕಾದ್ದು ಯಾವುದೆಂದರೆ ಉತ್ತರ ಅಷ್ಟು ಸುಲಭವಲ್ಲ. ಅವನಿಗೆ ಮುಂದೆ ಬರಬಹುದಾದ ನೋವಿನ ಲೆಕ್ಕಕ್ಕಿಂತ ಮುಂಚೆ, ತನ್ನಂಥವನೂ ನಕ್ಕು ಸುಖವಾಗಿ ಮನೆಗೆ ಹೋಗುವ ಒಂದು ಕಥೆ ಬೇಕು. ಅದು ಜಪಾನಿನಿಂದ ಎರವಲು ಬಂದ ರಬ್ಬರಾಗಿರದೆ, ಅಡಿಕೆ ತೋಟದ ನೆರಳಿನಲ್ಲಿ, ನಮ್ಮ ಸೀಮೆಯ ಮಾತಿನಲ್ಲಿ ಹುಟ್ಟಬೇಕು. ಅದನ್ನು ಬರೆಯುವ ತರುಣ ಈಗಾಗಲೇ ಯಾವುದೋ ಕಾಲೇಜಿನಲ್ಲಿ ಓದುತ್ತಿರಬಹುದು. ಅವನು ಬರೆದು ತಂದಾಗ ಓದುವ ತಾಳ್ಮೆ ನಮಗಿರಲಿ.