ಕದ್ರಿಯವರ ದಾರಿ ಮತ್ತು ದಿಬ್ಬಣದ ಸ್ಯಾಕ್ಸೋಫೋನ್

ಪಾಣೆಮಂಗಳೂರು, ಬಿ.ಸಿ.ರೋಡಿನಿಂದ ಹಿಡಿದು ಅತ್ತ ಬೆಳ್ತಂಗಡಿ, ಇತ್ತ ಮೂಡುಬಿದಿರೆಯವರೆಗೆ ಮದುವೆ ದಿಬ್ಬಣವಿರಲಿ, ದೇವರ ಬಲಿಯಿರಲಿ, ನೇಮವಿರಲಿ, ಈಗ ಮೊದಲು ಕಿವಿಗೆ ಬೀಳುವುದು ಸ್ಯಾಕ್ಸೋಫೋನ್. ನಾಗಸ್ವರದ ಜಾಗದಲ್ಲಿ ಅದು ಎಷ್ಟು ಗಟ್ಟಿಯಾಗಿ ಕೂತಿದೆಯೆಂದರೆ, ಇಂದಿನ ಮಕ್ಕಳಿಗೆ ಅದು ಹೊರಗಿನಿಂದ ಬಂದ ವಾದ್ಯವೆಂದು ಹೇಳಿದರೂ ನಂಬಿಕೆ ಬಾರದು. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪೇಟೆಂಟ್ ಪಡೆದದ್ದು ಬ್ಯಾಂಡಿಗೆ ಹೊಂದುವ ಹಿತ್ತಾಳೆಯ ಕೊಳವೆಗೆ. ಅದು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಒಬ್ಬ ಹುಡುಗನ ಕಿವಿಗೆ ಬಿತ್ತು. ಆ ಹುಡುಗ ಪಾಣೆಮಂಗಳೂರಿಗೆ ಹತ್ತಿರದ ಸಜಿಪಮೂಡದಲ್ಲಿ 1949ರಲ್ಲಿ ಹುಟ್ಟಿದ ಗೋಪಾಲನಾಥ್, ನಾಗಸ್ವರ ವಿದ್ವಾಂಸ ತನಿಯಪ್ಪನವರ ಮಗ. ಮುಂದಿನದು ಎಲ್ಲರಿಗೂ ಗೊತ್ತಿರುವ ಕಥೆ: 1980ರಲ್ಲಿ ಮುಂಬಯಿಯ ಜಾಝ್ ಉತ್ಸವ, 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಬಿಬಿಸಿಯ ಪ್ರೊಮೆನಾಡ್ ಕಛೇರಿ, 2004ರಲ್ಲಿ ಪದ್ಮಶ್ರೀ.

ಕದ್ರಿ ಗೋಪಾಲನಾಥರನ್ನು ಹೊಗಳುವುದಕ್ಕೆ ಇನ್ನೊಂದು ಲೇಖನ ಬೇಕಿಲ್ಲ. ಅವರ ಹಿಂದೆ ಬೆಳೆದ ಪರಂಪರೆಯನ್ನು ಸಂಗೀತದ ಲೆಕ್ಕದಲ್ಲಿಟ್ಟು ನೋಡುವ ಕೆಲಸ ಮಾತ್ರ ಸಾಕಷ್ಟು ಆಗಿಲ್ಲ. ನನ್ನ ಅಭಿಪ್ರಾಯ ನೇರವಾಗಿದೆ. ಕದ್ರಿಯವರು ವಾದ್ಯದೊಡನೆ ವರ್ಷಗಟ್ಟಲೆ ಗುದ್ದಾಡಿ ಸ್ವರಾಂತರದ ಪ್ರಶ್ನೆಯನ್ನು ಬಿಡಿಸಿದರು. ಅವರ ನಂತರದ ದಿಬ್ಬಣದ ಪರಂಪರೆ ಆ ಉತ್ತರವನ್ನು ಮಾತ್ರ ಎತ್ತಿಕೊಂಡಿತು, ಪ್ರಶ್ನೆಯನ್ನು ಕೈಬಿಟ್ಟಿತು.

ಪ್ರಶ್ನೆ ಏನೆಂದು ಸ್ವಲ್ಪ ಬಿಡಿಸಿ ನೋಡಬೇಕು. ನಾಗಸ್ವರದಲ್ಲಿ ಬೆರಳಾಡುವ ತೂತು ಏಳೇ. ಬೆರಳನ್ನು ಅರ್ಧ ಸರಿಸಿ, ಕಾಲು ಸರಿಸಿ, ಉಸಿರನ್ನು ಬಿಗಿ ಮಾಡಿ, ಸಡಿಲ ಮಾಡಿ ನಡುವಿನ ಸ್ವರಗಳನ್ನು ತೆಗೆಯುತ್ತಾರೆ. ಸ್ವರದಿಂದ ಸ್ವರಕ್ಕೆ ಜಾರುವ ದಾರಿ ಅಲ್ಲಿ ಯಾವಾಗಲೂ ತೆರೆದೇ ಇರುತ್ತದೆ. ಸ್ಯಾಕ್ಸೋಫೋನಿನಲ್ಲಿ ತೂತನ್ನು ಮುಚ್ಚುವುದು ಬೆರಳಲ್ಲ, ಕೀಲಿಗೆ ಅಂಟಿದ ಪ್ಯಾಡ್. ಅದು ಒಂದೋ ಮುಚ್ಚಿದೆ, ಇಲ್ಲವೇ ತೆರೆದಿದೆ. ಮೇಲಾಗಿ ಅದರ ಹನ್ನೆರಡು ಸ್ವರಸ್ಥಾನಗಳು ಸಮವಾಗಿ ಹಂಚಿದವು. ಷಡ್ಜದಿಂದ ತಾರಷಡ್ಜಕ್ಕೆ 1200 ಸೆಂಟ್ ಎಂದಿಟ್ಟುಕೊಂಡರೆ ಪ್ರತಿ ಮೆಟ್ಟಿಲು 100 ಸೆಂಟ್. ತಂಬೂರಿಯ ನಾದದೊಳಗಿಂದ ಏಳುವ ಅಂತರ ಗಾಂಧಾರ ಸುಮಾರು 386 ಸೆಂಟಿನಲ್ಲಿದ್ದರೆ, ಸಮಹಂಚಿಕೆಯ ಗಾಂಧಾರ 400ರಲ್ಲಿ. ಈ ಹದಿನಾಲ್ಕು ಸೆಂಟಿನ ವ್ಯತ್ಯಾಸ ಡೋಲು, ತಾಸೆಗಳ ಅಬ್ಬರದಲ್ಲಿ ಯಾರಿಗೂ ತಿಳಿಯದು. ಶ್ರುತಿಯ ಪಕ್ಕದಲ್ಲಿ ಒಬ್ಬರೇ ಕೂತು ನುಡಿಸಿದಾಗ ಮುಳ್ಳಿನಂತೆ ಚುಚ್ಚುತ್ತದೆ.

ಪಂಚಮಕ್ಕೆ ಈ ತೊಂದರೆಯಿಲ್ಲ. 3:2ರ ಶುದ್ಧ ಪಂಚಮಕ್ಕೂ ವಾದ್ಯದ ಪಂಚಮಕ್ಕೂ ಅಂತರ ಎರಡೇ ಸೆಂಟ್.

ಹಾಗಾದರೆ ಗಮಕ ಎಲ್ಲಿಂದ ಬರಬೇಕು? ತುಟಿ, ದವಡೆ, ಗಂಟಲುಗಳಿಂದ. ರೀಡಿನ ಮೇಲಿನ ಹಿಡಿತ ಸಡಿಲಿಸಿದರೆ ಸ್ವರ ಕೆಳಗೆ ಬಾಗುತ್ತದೆ. ಮೇಲಕ್ಕೆ ಬಾಗಿಸುವುದು ಅದಕ್ಕಿಂತ ತುಂಬ ಕಷ್ಟ. ಆದ್ದರಿಂದ ತೋಡಿಯ ಗಾಂಧಾರದಂಥ ತೂಗುವ ಸ್ವರವನ್ನು ನುಡಿಸುವವರು ಮೇಲಿನ ಸ್ಥಾನವನ್ನು ಹಿಡಿದು ತುಟಿಯಿಂದ ಕೆಳಕ್ಕೆ ಇಳಿಸಿ, ಮತ್ತೆ ಏರಿಸಬೇಕು. ಇದು ಪುಸ್ತಕ ಓದಿ ಬರುವುದಲ್ಲ. ಆ ಗಾಂಧಾರ ಬಾಯಲ್ಲಿ ಹಾಡಲು ಬಂದಿರಬೇಕು, ಆಮೇಲೆ ವಾದ್ಯ. ಕದ್ರಿಯವರು ಮಂಗಳೂರಿನ ಕಲಾನಿಕೇತನದ ಗೋಪಾಲಕೃಷ್ಣ ಅಯ್ಯರ್ ಅವರಲ್ಲಿ ಕಲಿತರು, ಬಳಿಕ ಚೆನ್ನೈಯಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರಲ್ಲಿ. ಟಿ.ವಿ.ಜಿ. ಹಾಡುಗಾರರು, ಮೃದಂಗ ವಿದ್ವಾಂಸರು. ಸ್ಯಾಕ್ಸೋಫೋನ್ ಅವರ ವಾದ್ಯವಲ್ಲ. ಕದ್ರಿಯವರ ನುಡಿಸಾಣಿಕೆಯ ಗುಟ್ಟು ಇಲ್ಲಿದೆ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ದಿಬ್ಬಣದ ಪರಂಪರೆ ಅವರಿಂದ ತೆಗೆದುಕೊಂಡದ್ದರಲ್ಲಿ ಎಲ್ಲಕ್ಕಿಂತ ಜನಪ್ರಿಯವಾದದ್ದು ಕಲ್ಯಾಣವಸಂತ. 1994ರ ‘ಡ್ಯುಯೆಟ್’ ಚಿತ್ರದಲ್ಲಿ ಎ.ಆರ್. ರೆಹಮಾನ್ ಅವರ ಸಂಗೀತಕ್ಕೆ ಕದ್ರಿಯವರು ಈ ರಾಗ ನುಡಿಸಿದರು. ಕೀರವಾಣಿಯಲ್ಲಿ ಹುಟ್ಟಿದ ರಾಗ, ಕೀರವಾಣಿ 21ನೆಯ ಮೇಳ. ಆರೋಹಣದಲ್ಲಿ ಸ, ಸಾಧಾರಣ ಗಾಂಧಾರ, ಶುದ್ಧ ಮಧ್ಯಮ, ಶುದ್ಧ ಧೈವತ, ಕಾಕಲಿ ನಿಷಾದ. ಮೆಟ್ಟಿಲು ಎಣಿಸಿ: ಮೂರು, ಎರಡು, ಮೂರು, ಮೂರು, ಕೊನೆಗೆ ತಾರಷಡ್ಜಕ್ಕೆ ಒಂದು. ಒಟ್ಟು ಹನ್ನೆರಡು. ಐದರಲ್ಲಿ ಮೂರು ನೆಗೆತಗಳು ಮೂರು ಮೆಟ್ಟಿಲಿನವು. ಇಂಥ ಅಗಲವಾದ ಅಂತರಗಳು ಕೀಲಿಯ ವಾದ್ಯಕ್ಕೆ ಹೇಳಿ ಮಾಡಿಸಿದಂತಿವೆ. ಬೆರಳಿಟ್ಟರೆ ಸ್ವರ ನಿಲ್ಲುತ್ತದೆ, ಜಾರಿಕೆ ಕಡಿಮೆಯಾದರೂ ರಾಗದ ಮುಖ ಕಾಣುತ್ತದೆ. ಇಳಿಯುವಾಗ ಪಂಚಮ, ರಿಷಭಗಳೂ ಸೇರಿ ಸಂಪೂರ್ಣವಾಗುತ್ತದೆ. ರಾಗ ಈ ವಾದ್ಯಕ್ಕೆ ಇಷ್ಟು ಒಪ್ಪುತ್ತದೆ ಎಂಬುದೇ ಅಪಾಯ. ಸುಲಭವಾಗಿ ಒಗ್ಗುವ ರಾಗಗಳನ್ನೇ ಪರಂಪರೆ ಹಿಡಿದುಕೊಂಡರೆ ತೋಡಿ, ಭೈರವಿ, ಸಾವೇರಿಗಳ ದಾರಿ ಮುಚ್ಚುತ್ತದೆ. ದಿಬ್ಬಣಗಳಲ್ಲಿ ನಾನು ಕೇಳುತ್ತಿರುವುದು ಹೆಚ್ಚಾಗಿ ಮೋಹನ, ಹಿಂದೋಳ, ಕೀರವಾಣಿಯ ಬಳಗ, ಮತ್ತೆ ಸಿನೆಮಾ ಹಾಡು. ನುಡಿಸುವವರ ಶ್ರಮ ದೊಡ್ಡದು. ಬಿಸಿಲಲ್ಲಿ ನಡೆಯುತ್ತ ಗಂಟೆಗಟ್ಟಲೆ ಊದುವುದು ಸಣ್ಣ ಕೆಲಸವಲ್ಲ. ಕೊರತೆಯಿರುವುದು ಕಲಿಸುವ ಕ್ರಮದಲ್ಲಿ.

ಎರಡನೆಯ ಕೊರತೆ ಷಡ್ಜದ್ದು. ನಾಗಸ್ವರ ಕೊಳವೆಯ ಉದ್ದಕ್ಕೆ ತಕ್ಕ ಒಂದು ಶ್ರುತಿಗೆ ಕಟ್ಟಿದ ವಾದ್ಯ. ಆ ಅಭ್ಯಾಸವೇ ಸ್ಯಾಕ್ಸೋಫೋನಿಗೂ ದಾಟಿದೆ: ಒಂದು ಬೆರಳಿಗೆ ಷಡ್ಜ ಎಂದು ಕಲಿತರೆ ಜೀವಮಾನವಿಡೀ ಅದೇ ಷಡ್ಜ. ಆದರೆ ಇದು ಹನ್ನೆರಡು ಸ್ಥಾನಗಳಲ್ಲಿ ಎಲ್ಲಿ ಬೇಕಾದರೂ ಷಡ್ಜ ಇಡಬಹುದಾದ ವಾದ್ಯ. ಆಲ್ಟೋ ಸ್ಯಾಕ್ಸೋಫೋನಿನಲ್ಲಿ ‘ಸಿ’ಯ ಬೆರಳು ಹಿಡಿದರೆ ಹೊರಡುವುದು ಹಾರ್ಮೋನಿಯಮ್ಮಿನ ಕಪ್ಪು 2. ಕೆಳಗಿನ ಸಿಯನ್ನೇ ಷಡ್ಜ ಮಾಡಿಕೊಂಡರೆ ಅದರ ಕೆಳಗೆ ಎರಡೇ ಮೆಟ್ಟಿಲು ಉಳಿದಿರುತ್ತವೆ, ಮಂದ್ರ ಪಂಚಮ ಕೈಗೆ ಸಿಗದು. ‘ಜಿ’ಯ ಬೆರಳಿಗೆ ಷಡ್ಜವನ್ನು ಸರಿಸಿದರೆ ಶ್ರುತಿ ಕಪ್ಪು 5 ಆಗುತ್ತದೆ, ಮಂದ್ರದಲ್ಲಿ ಪಂಚಮವನ್ನೂ ದಾಟಿ ಗಾಂಧಾರದವರೆಗೆ ಇಳಿಯಬಹುದು, ತಾರದಲ್ಲೂ ನಿಷಾದದ ಹತ್ತಿರ ಹೋಗಬಹುದು. ಇಷ್ಟು ಲೆಕ್ಕ ಹುಡುಗರಿಗೆ ಒಂದು ಮಧ್ಯಾಹ್ನದಲ್ಲಿ ಹೇಳಿಕೊಡಬಹುದಾದದ್ದು.

ಪಾಶ್ಚಾತ್ಯರ ಕೀ ಸಿಗ್ನೇಚರ್ ಇಲ್ಲಿ ನಮಗೆ ಉಪಯೋಗಕ್ಕೆ ಬರುತ್ತದೆ. ಸಾಲಿನ ಮೊದಲಲ್ಲಿ ಬರೆದ ಶಾರ್ಪ್, ಫ್ಲಾಟ್ ಗುರುತುಗಳು ‘ಈ ಷಡ್ಜಕ್ಕೆ ಯಾವ ಬೆರಳು ಬದಲಾಗಬೇಕು’ ಎಂದು ನುಡಿಸುವವನಿಗೆ ಹೇಳುತ್ತವೆ. ನಮ್ಮ ಶಂಕರಾಭರಣದ ಮೆಟ್ಟಿಲು ಎಲ್ಲಿ ಷಡ್ಜವಿಟ್ಟರೂ ಎರಡು, ಎರಡು, ಒಂದು, ಎರಡು, ಎರಡು, ಎರಡು, ಒಂದು. ಷಡ್ಜ ಸಿಯಲ್ಲಿದ್ದರೆ ಗುರುತೇ ಬೇಡ. ಜಿಯಲ್ಲಿದ್ದರೆ ಎಫ್ ಶಾರ್ಪ್ ಒಂದು, ಡಿಯಲ್ಲಿದ್ದರೆ ಎಫ್, ಸಿ ಎರಡೂ ಶಾರ್ಪ್. ರಾಗ ನಮ್ಮದು, ಬೆರಳಿನ ಲೆಕ್ಕ ಅವರದು. ಎರಡನ್ನೂ ಬಲ್ಲವನಿಗೆ ಯಾವ ಹಾಡುಗಾರರ ಪಕ್ಕದಲ್ಲೂ ಕೂರುವ ಧೈರ್ಯ ಬರುತ್ತದೆ. ಕದ್ರಿಯವರು ಅಮೆರಿಕದ ರುದ್ರೇಶ್ ಮಹಂತಪ್ಪನವರೊಡನೆ ‘ಕಿನ್ಸ್‌ಮೆನ್’ ಎಂಬ ಧ್ವನಿಮುದ್ರಿಕೆ ತಂದದ್ದು 2008ರಲ್ಲಿ. ಜಾಝ್ ಪಕ್ಕದಲ್ಲಿ ಕೂತೂ ರಾಗ ಬಿಡದೆ ನುಡಿಸಿದ ಕೆಲಸ ಅದು. ನಮ್ಮ ಹುಡುಗರು ಅದನ್ನು ಕೇಳಬೇಕು.

ನಾಗಸ್ವರದ ವಿಷಯ ಹೇಳದೆ ಮುಗಿಸಲಾರೆ. ಸೇರಿಗಾರರ ಮನೆತನಗಳು ದೇವಸ್ಥಾನಗಳಲ್ಲಿ, ನೇಮದ ಕೊಡಿಯಡಿಯಲ್ಲಿ ತಲೆಮಾರುಗಳಿಂದ ಊದಿದ್ದು ಈ ವಾದ್ಯವನ್ನು. ಸ್ಯಾಕ್ಸೋಫೋನ್ ಅದನ್ನು ಹಿಂದಕ್ಕೆ ಸರಿಸಿದಾಗ ಹೋದದ್ದು ಬರೀ ಒಂದು ನಾದವಲ್ಲ, ಬೆರಳು ಜಾರಿಸಿ ಸ್ವರವನ್ನು ಕಾಣುವ ಒಂದು ವಿದ್ಯೆ. ಕದ್ರಿಯವರು ಆ ವಿದ್ಯೆಯ ಮನೆಯಿಂದಲೇ ಬಂದವರು. ತಂದೆಯ ನಾಗಸ್ವರ ಕಿವಿಯಲ್ಲಿ ಇಲ್ಲದಿದ್ದರೆ ಹಿತ್ತಾಳೆಯ ಕೊಳವೆಯಿಂದ ಕಾಂಭೋಜಿ ಹೊರಡಬೇಕೆಂಬ ಹಟ ಅವರಿಗೆ ಬರುತ್ತಿರಲಿಲ್ಲ ಎಂದೇ ನನ್ನ ಲೆಕ್ಕ. ಇಂದು ಕಲಿಯುವ ಮಗುವಿನ ಕಿವಿಯಲ್ಲಿ ಆ ನಾದವಿಲ್ಲ. ಅದರ ಜಾಗವನ್ನು ಬೇರೆ ಏನಾದರೂ ತುಂಬಬೇಕು.

ಅವರು 2019ರ ಅಕ್ಟೋಬರ್ 11ರಂದು ತೀರಿಕೊಂಡರು. ಅವರ ಹೆಸರಿನಲ್ಲಿ ಸನ್ಮಾನ, ಸ್ಮರಣೆಗಳಾಗಲಿ, ಬೇಡವೆನ್ನುವುದಿಲ್ಲ. ಆದರೆ ಬಂಟ್ವಾಳದ ಕಡೆ ಮಕ್ಕಳಿಗೆ ಸ್ಯಾಕ್ಸೋಫೋನ್ ಕೊಡಿಸುವ ತಂದೆತಾಯಿಗಳಲ್ಲಿ, ಕಲಿಸುವ ಗುರುಗಳಲ್ಲಿ ನನ್ನದೊಂದು ಬೇಡಿಕೆ. ವಾದ್ಯದ ಜೊತೆಗೇ ಶ್ರುತಿಪೆಟ್ಟಿಗೆಯನ್ನೂ ಕೊಡಿಸಿ. ಕೈಗೆ ವಾದ್ಯ ಕೊಡುವ ಮೊದಲು ಸರಳೆ, ಜಂಟಿ, ಒಂದೆರಡು ವರ್ಣಗಳನ್ನು ಬಾಯಲ್ಲಿ ಹಾಡಿಸಿ. ಕಪ್ಪು 2ರಲ್ಲಿ ಕಲಿತ ಮಾಯಾಮಾಳವಗೌಳವನ್ನು ಕಪ್ಪು 5ರಲ್ಲೂ ನುಡಿಸಲು ಹೇಳಿ.